ಒದರುವ ಗಂಟಲು ಮೆತ್ತಗೆ ಹಾಡಿದಾಗ

ಕ್ರಿಸ್ ಕಾರ್ನೆಲ್‌ನ ‘ಯೂಫೋರಿಯಾ ಮಾರ್ನಿಂಗ್’ ಹೊರಬಂದದ್ದು 1999ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಸಿಯಾಟಲ್ ನಗರದ ಸೌಂಡ್‌ಗಾರ್ಡನ್ ಬ್ಯಾಂಡು ಒಡೆದು ಆಗ ಎರಡು ವರ್ಷ ದಾಟಿತ್ತು. ಆ ಬ್ಯಾಂಡಿನ ಮುಂದೆ ನಿಂತು ಹತ್ತಾರು ವರ್ಷ ಗಂಟಲು ಹರಿಯುವಂತೆ ಕೂಗಿದವನು ಈತ. ಅವರ ‘ಸ್ಪೂನ್‌ಮನ್’ ಹಾಡಿಗೆ 1995ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಬಂದಿತ್ತು. ಆ ಹಾಡಿದ್ದ ‘ಸೂಪರ್‌ಅನ್‌ನೋನ್’ ಆಲ್ಬಂ 1994ರಲ್ಲಿ ಅಮೆರಿಕದ ಪಟ್ಟಿಗೆ ಕಾಲಿಟ್ಟದ್ದೇ ಒಂದನೇ ಸ್ಥಾನದಲ್ಲಿ. ಇಂಥವನ ಮೊದಲ ಒಂಟಿ ಆಲ್ಬಂ ಎಂದು ಓಡಿಹೋಗಿ ಕೊಂಡವರಿಗೆ ಸಿಕ್ಕಿದ್ದು ಪಿಯಾನೊ, ಅಕೌಸ್ಟಿಕ್ ಗಿಟಾರು, ನಿಧಾನದ ನಡೆ, ಬಾಯಿ ಪೂರ್ತಿ ತೆರೆಯದೆ ಹಾಡಿದ ಸಾಲುಗಳು. ಆಲ್ಬಂ 18ನೇ ಸ್ಥಾನಕ್ಕೆ ನಿಂತಿತು. ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ ಮುಖ ತಿರುಗಿಸಿದರು. ಗುಡುಗು ಎಲ್ಲಿ ಹೋಯಿತು ಎಂಬುದು ಅವರ ತಕರಾರು.

ಆ ತಕರಾರು ಇವತ್ತಿಗೂ ಜೀವಂತವಾಗಿದೆ ಎಂದು ನನಗೆ ಗೊತ್ತಾದದ್ದು ಇಲ್ಲೇ, ಕುಕನೂರಿನಲ್ಲಿ. ನಾವು ಕೆಲವರು ಆಗಾಗ ಒಂದು ಮನೆಯ ಪಡಸಾಲೆಯಲ್ಲಿ ಕೂತು ಹಾಡು ಕೇಳುತ್ತೇವೆ. ಭಜನೆ ಪದದಿಂದ ಹಿಡಿದು ಜಾಝ್‌ವರೆಗೆ ಏನಾದರೂ ಸರಿ, ಒಂದೇ ಷರತ್ತು: ಆಲ್ಬಂ ಹಾಕಿದರೆ ಮೊದಲಿಂದ ಕೊನೆಯವರೆಗೆ ಕೇಳಬೇಕು, ನಡುವೆ ಮಾತಿಲ್ಲ. ಈ ಸಲ ಕಾರ್ನೆಲ್‌ನನ್ನು ಹಾಕಿದ್ದೆ. ನನ್ನ ಅಣ್ಣನ ಮಗ ಮೆಟಲ್ ಭಕ್ತ. ಇಂಜಿನಿಯರಿಂಗ್ ಓದುವಾಗ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಕೇಳಲು ಹೋಗಿಬಂದವನು. ಮೂರನೇ ಹಾಡಿಗೇ ಷರತ್ತು ಮುರಿದ.

“ಕಾಕಾ, ಇದು ಮಲಗಸೂ ಮ್ಯೂಸಿಕ್ ಆತಲ್ಲ. ‘ಬ್ಯಾಡ್‌ಮೋಟರ್‌ಫಿಂಗರ್’ ಹಾಡಿದ ಮನಷ್ಯಾನ ಏನ ಇವಾ?”

ಅವನ ನೋವು ನನಗೆ ಅರ್ಥವಾಗುತ್ತದೆ. 1991ರ ಆ ಆಲ್ಬಮಿನಲ್ಲಿ ಕಾರ್ನೆಲ್‌ನ ದನಿ ತಾರಸ್ಥಾಯಿಯಲ್ಲಿ ಸೀಳಿಕೊಂಡು ಹೋಗುವ ಪರಿ ಕೇಳಿ ಬೆಳೆದ ಹುಡುಗನಿಗೆ ಇದು ಸೋಲಿನ ಹಾಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ ಅವನು ಹೇಳಿದ್ದು ಸರಿಯಲ್ಲ. ಯಾಕೆ ಸರಿಯಲ್ಲ ಎಂದು ಹೇಳುವುದಕ್ಕೇ ಈ ವಾರದ ಅಂಕಣ.

ಮೊದಲು ಗಂಟಲಿನ ವಿಚಾರ. ಮೆಟಲ್‌ನಲ್ಲಿ ಗಿಟಾರಿನ ನಾದವನ್ನು ಬೇಕೆಂದೇ ಒಡೆದು, ಹರಡಿ, ದಪ್ಪ ಮಾಡಿರುತ್ತಾರೆ. ಮಂದ್ರದಿಂದ ಮೇಲಿನವರೆಗೆ ಎಲ್ಲ ಜಾಗವನ್ನೂ ಅದು ತುಂಬಿಬಿಡುತ್ತದೆ. ಜೊತೆಗೆ ಡ್ರಮ್ಮಿನ ಏಟು. ಇದರ ನಡುವೆ ದನಿ ಕೇಳಬೇಕಾದರೆ ಹಾಡುಗಾರ ಕಿವಿ ಅತಿ ಚುರುಕಾಗಿ ಹಿಡಿಯುವ ಎತ್ತರದ ಕಂಪನಗಳಲ್ಲಿ ಬಲ ತುಂಬಿ ಸೀಳಬೇಕು. ದನಿತಂತುಗಳನ್ನು ಬಿಗಿಯಾಗಿ ಒತ್ತಿ, ಕೆಲವೊಮ್ಮೆ ಅವುಗಳ ಮೇಲಿರುವ ಮಡಿಕೆಗಳನ್ನೂ ನಡುಗಿಸಿ ಆ ಒರಟನ್ನು ತರುತ್ತಾರೆ. ಅದೂ ವಿದ್ಯೆಯೇ, ಅರಿಯದವನು ಮಾಡಹೋದರೆ ಗಂಟಲು ಕೆಡುತ್ತದೆ. ಆದರೆ ಆ ಗದ್ದಲ ಒಂದು ಉಪಕಾರವನ್ನೂ ಮಾಡುತ್ತದೆ. ಸ್ವರ ಕೂದಲೆಳೆಯಷ್ಟು ಇಳಿದರೆ ಗಿಟಾರು ಅದನ್ನು ಮುಚ್ಚಿಕೊಳ್ಳುತ್ತದೆ. ಉಸಿರು ಸಾಲದೆ ಸಾಲಿನ ತುದಿ ಮೊಂಡಾದರೆ ಡ್ರಮ್ಮು ತುಂಬಿಕೊಡುತ್ತದೆ.

ಮೆತ್ತಗಿನ ಹಾಡಿನಲ್ಲಿ ಈ ಆಸರೆ ಇಲ್ಲ. ಮೈಕು ತುಟಿಯ ಪಕ್ಕದಲ್ಲೇ ಇರುತ್ತದೆ, ನಾಲಿಗೆ ಅಂಗುಳಿಗೆ ತಗಲುವ ಸಪ್ಪಳವೂ ಅದಕ್ಕೆ ಗೊತ್ತಾಗುತ್ತದೆ. ಕಡಿಮೆ ಗಾಳಿಯಲ್ಲಿ ತಂತುಗಳನ್ನು ಹಗುರವಾಗಿ ಕೂಡಿಸಿ, ಸ್ವರವನ್ನು ಅಲ್ಲಾಡದಂತೆ ಹಿಡಿದಿಡಬೇಕು. ‘ಸ್ವೀಟ್ ಯೂಫೋರಿಯಾ’ ಹಾಡಿನಲ್ಲಿ ಒಂದು ಗಿಟಾರು, ಒಂದು ದನಿ ಬಿಟ್ಟರೆ ಮತ್ತೇನಿಲ್ಲ. ಅಡಗಿಕೊಳ್ಳಲು ಜಾಗವೇ ಇಲ್ಲ, ಅವನು ಅಡಗಿಕೊಂಡೂ ಇಲ್ಲ.

ಆ ದಿನ ನಮ್ಮ ಜೊತೆ ಒಬ್ಬರು ಹಾರ್ಮೋನಿಯಂ ಮಾಸ್ತರರಿದ್ದರು. ನಾಟಕ ಕಂಪನಿಗಳಲ್ಲಿ ಕಾಲು ಪೆಟ್ಟಿಗೆ ನುಡಿಸಿ ಕೂದಲು ಬೆಳ್ಳಗಾದವರು. ಇಂಗ್ಲಿಷ್ ಒಂದಕ್ಷರ ತಿಳಿಯದು. ‘ವೆನ್ ಐ ಆಮ್ ಡೌನ್’ ಹಾಡು ಬಂದಾಗ ಅವರು ಮುಂದೆ ಬಾಗಿದರು. ನತಾಶಾ ಶ್ನೈಡರ್ ನುಡಿಸಿದ ಪಿಯಾನೊ, ಅದರ ಮೇಲೆ ಬಹಳ ಕೆಳಗಿನ ಸ್ವರದಲ್ಲಿ ಸೋತವನಂತೆ ಶುರುವಾಗುವ ದನಿ. ಒಂದೊಂದು ಸಾಲಿಗೂ ಒಂದೊಂದು ಮೆಟ್ಟಿಲು ಏರುತ್ತ ಹೋಗಿ, ಕೊನೆಗೆ ಹಳೆಯ ಸೌಂಡ್‌ಗಾರ್ಡನ್ ಗಂಟಲು ಒಂದಿಷ್ಟು ಹೊತ್ತು ತೆರೆಯುತ್ತದೆ. ಮಾಸ್ತರರು ಅದನ್ನೇ ಮತ್ತೆ ಹಾಕಿಸಿದರು. ಎರಡನೇ ಸಲ ಪೆಟ್ಟಿಗೆ ಎಳೆದುಕೊಂಡು, ಭಾತಿ ಒತ್ತದೆ, ಬರೀ ಬೆರಳಿನಿಂದ ಆ ದನಿ ನಿಂತ ಮನೆಗಳನ್ನು ಮುಟ್ಟುತ್ತ ಹೋದರು. ಮುಗಿದ ಮೇಲೆ ಹುಡುಗನ ಕಡೆ ತಿರುಗಿದರು.

“ತಮ್ಮಾ, ಒದರೂದು ಸಸಾರ ಐತಿ. ದನಿ ಇಳಿಸಿ ಸುರದಾಗ ನಿಂದ್ರೂದೈತಲ್ಲ, ಅಲ್ಲೆ ಉಸರು ಸಿಕ್ಕೊಂತೈತಿ. ಇವಗ ಮ್ಯಾಲ ಎಷ್ಟ ಜಾಗಾ ಐತಿ ಅಂತ ಗೊತ್ತೈತಿ. ಅದಕ್ಕ ಕೆಳಗ ಕುಂತಾನ.”

ಇದಕ್ಕಿಂತ ಚೆನ್ನಾದ ವಿಮರ್ಶೆಯನ್ನು ಈ ಆಲ್ಬಂ ಬಗ್ಗೆ ನಾನು ಬೇರೆಲ್ಲೂ ಓದಿಲ್ಲ. ಕಂಪನಿಯ ಕಲಾವಿದರ ಗಂಟಲು ಹತ್ತಿರದಿಂದ ಕಂಡವರು ಆಡಿದ ಮಾತು ಅದು. ನಮ್ಮ ಗುದ್ನೆಪ್ಪನ ಮಠದ ಜಾತ್ರೆಗೆ ಬರುವ ನಾಟಕಗಳಿಗೆ ಈಗ ಮೈಕು, ಸ್ಪೀಕರು ಎಲ್ಲ ಇವೆ. ಮೈಕು ಬರುವ ಮೊದಲಿನ ತಲೆಮಾರಿನ ನಟರು ಶ್ರುತಿ ಏರಿಸಿಕೊಂಡು, ತಗಡಿನ ಥಿಯೇಟರಿನ ಕಟ್ಟಕಡೆಗೆ ಕೂತವನಿಗೂ ಮುಟ್ಟುವಂತೆ ಹಾಡಬೇಕಾಗಿತ್ತು. ಮೈಕು ಬಂದ ಮೇಲೂ ಕೆಲವರಿಗೆ ಆ ರೂಢಿ ಬಿಡಲಾಗಲಿಲ್ಲ. ದನಿ ಇಳಿಸಿದರೆ ಪಾತ್ರವೇ ಸತ್ತಂತೆ ಎಂದು ಅವರಿಗೆ ಅನಿಸುತ್ತಿತ್ತಂತೆ. ಇಳಿಸಲು ಕಲಿತವರ ರಂಗಗೀತೆಗಳನ್ನು ಜನ ಮನೆಯಲ್ಲಿ ಕೂತು ಕೇಳುವಂತಾಯಿತು ಎಂದು ಮಾಸ್ತರರು ಹೇಳುತ್ತಾರೆ.

ಕಾರ್ನೆಲ್ ಒಮ್ಮೆಲೇ ಬದಲಾದನೆಂದು ತಿಳಿಯುವುದೂ ತಪ್ಪು. ಗೆಳೆಯ ಆಂಡ್ರೂ ವುಡ್ ತೀರಿಕೊಂಡಾಗ ಅವನ ನೆನಪಿಗೆ 1991ರಲ್ಲಿ ‘ಟೆಂಪಲ್ ಆಫ್ ದ ಡಾಗ್’ ಎಂಬ ಆಲ್ಬಂ ಮಾಡಿದ್ದ. 1992ರ ‘ಸಿಂಗಲ್ಸ್’ ಸಿನಿಮಾಕ್ಕೆ ಒಬ್ಬನೇ ಗಿಟಾರು ಹಿಡಿದು ‘ಸೀಸನ್ಸ್’ ಹಾಡಿದ್ದ. ಎರಡರಲ್ಲೂ ಈ ಮೆದು ದನಿ ಕೇಳುತ್ತದೆ. ಗದ್ದಲದ ಅಡಿಯಲ್ಲಿ ಅದು ಮೊದಲಿನಿಂದಲೂ ಇತ್ತು. 1999ರಲ್ಲಿ ಅಲೆನ್ ಜೊಹಾನಸ್ ಮತ್ತು ನತಾಶಾ ಶ್ನೈಡರ್ ದಂಪತಿಯ ಜೊತೆಗೂಡಿ ಅದಕ್ಕೆ ಪೂರ್ತಿ ಆಲ್ಬಮಿನ ಜಾಗ ಕೊಟ್ಟ, ಅಷ್ಟೆ. ‘ವೇವ್ ಗುಡ್‌ಬೈ’ ಇನ್ನೊಬ್ಬ ಗೆಳೆಯ ಜೆಫ್ ಬಕ್ಲಿಯ ನೆನಪಿನ ಹಾಡು. ಬಕ್ಲಿ 1997ರ ಮೇ ತಿಂಗಳಲ್ಲಿ ಮೆಂಫಿಸ್‌ನಲ್ಲಿ ನದಿಗಿಳಿದು ಮುಳುಗಿಹೋಗಿದ್ದ. ಅಂಥ ಹಾಡನ್ನು ಕಿರುಚಿ ಹಾಡಬೇಕಿತ್ತೆ? ಬಕ್ಲಿಯದೇ ಆದ ತೆಳು ಮೇಲ್ದನಿಯ ನೆರಳು ಅದರಲ್ಲಿ ಸುಳಿಯುತ್ತದೆ. ಹೋದವನನ್ನು ಅವನದೇ ಧಾಟಿಯಲ್ಲಿ ಕರೆದ ಹಾಗೆ.

ಎಲ್ಲ ಹಾಡೂ ಅಷ್ಟೇ ಚೆನ್ನಾಗಿವೆ ಎಂದು ನಾನು ಹೇಳುವುದಿಲ್ಲ. ‘ಮಿಷನ್’ ಹಳೆಯ ಗಿರಾಕಿಗಳನ್ನು ಸಮಾಧಾನ ಮಾಡಲು ಸೇರಿಸಿದಂತಿದೆ. ನಡುವಿನ ಒಂದೆರಡು ಹಾಡು ವಾದ್ಯಗಳ ಭಾರಕ್ಕೆ ಕುಗ್ಗುತ್ತವೆ.

ಇಂಥ ಹೊರಳು ಬರೀ ಒಬ್ಬನದಲ್ಲ. ಸ್ವೀಡನ್ನಿನ ಓಪೆತ್ ಬ್ಯಾಂಡಿನ ಮಿಕೇಲ್ ಆಕರ್‌ಫೆಲ್ಟ್ 2003ರ ‘ಡ್ಯಾಮ್ನೇಶನ್’ ಆಲ್ಬಮಿನಲ್ಲಿ ತನ್ನ ಘರ್ಜನೆಯನ್ನು ಪೂರ್ತಿ ಬದಿಗಿಟ್ಟ. 2011ರ ‘ಹೆರಿಟೇಜ್’ನಲ್ಲೂ ಹಾಗೇ ಮಾಡಿದ. ಆ ಆಲ್ಬಮಿನ ಬೆನ್ನಿಗೇ, 2012ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಕಾರ್ಯಕ್ರಮ ಆಯಿತು. ಘರ್ಜನೆ ಬಿಟ್ಟದ್ದನ್ನು ಕ್ಷಮಿಸದ ಅಭಿಮಾನಿಗಳು ಈಗಲೂ ಇದ್ದಾರೆ. ನನ್ನ ಅಣ್ಣನ ಮಗನೂ ಅವರಲ್ಲೊಬ್ಬ.

ಆದರೆ ಅವನಿಗೆ ನಾನು ತೋರಿಸಿದ ದಾರಿ ಸ್ವೀಡನ್ನಿನದಲ್ಲ, ನಮ್ಮ ಮಗ್ಗುಲಿನ ಗದಗ ಸೀಮೆಯದು. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗಿಂತ ದೊಡ್ಡ ಗುಡುಗು ಈ ನೆಲದ ಸಂಗೀತದಲ್ಲಿ ಇನ್ಯಾವುದಿದೆ? ಖಯಾಲಿನ ನಡುವೆ ಅವರು ತಾನ್‌ಗೆ ಎದ್ದರೆ ಮೈಯೆಲ್ಲ ಹಾಡಿಗಿಳಿಯುತ್ತಿತ್ತು. ಕೈ ಗಾಳಿಯಲ್ಲಿ ಏನನ್ನೋ ಹಿಡಿದೆಳೆಯುತ್ತಿತ್ತು, ತಲೆ ಒಂದು ಕಡೆ ವಾಲುತ್ತಿತ್ತು, ದನಿ ಮೂರು ಸ್ಥಾಯಿಗಳನ್ನು ಒಂದೇ ಉಸಿರಿನಲ್ಲಿ ಉತ್ತು ಬರುತ್ತಿತ್ತು. ಆ ಭೀಮಸೇನರೇ ‘ದಾಸವಾಣಿ’ ಹಾಡಿದರು. ಪುರಂದರದಾಸರ, ವಿಜಯದಾಸರ ಪದಗಳು. ಒಂದೊಂದೂ ಕೆಲವೇ ನಿಮಿಷ. ಹಾರ್ಮೋನಿಯಂ, ತಬಲಾ, ತಾಳ. ಕಛೇರಿಯ ಕೊನೆಗೆ ಒಂದೋ ಎರಡೋ ಬರುತ್ತಿದ್ದ ಭಕ್ತಿಪದಗಳೇ ಇಲ್ಲಿ ಮೊದಲಿಂದ ಕೊನೆಯವರೆಗೆ ತುಂಬಿಕೊಂಡವು.

ಅದಕ್ಕೂ ಎರಡು ಬಗೆಯ ಕೇಳುಗರಿದ್ದರು. ದೊಡ್ಡ ರಾಗದ ರುಚಿ ಹತ್ತಿದ ನಮ್ಮ ಕಡೆಯ ಕೆಲವು ಹಿರಿಯರು, ಇಷ್ಟು ದೊಡ್ಡ ಗಂಟಲನ್ನು ಇಷ್ಟು ಸಣ್ಣ ಪದಕ್ಕೆ ಯಾಕೆ ಬಳಸಬೇಕು ಎನ್ನುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಇನ್ನೊಂದು ಕಡೆ, ರಾಗದ ಹೆಸರು ಗೊತ್ತಿಲ್ಲದ ಲಕ್ಷಾಂತರ ಮನೆಗಳು. ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರ ‘ಭಾಗ್ಯದ ಲಕ್ಷ್ಮಿ’ ಕೇಳದ ಓಣಿ ನಮ್ಮ ಊರಿನಲ್ಲಿ ಇರಲಿಲ್ಲ. ಶಂಕರ್ ನಾಗ್ ಕಾಲದ ಸಿನಿಮಾಕ್ಕೂ ಅದು ಹೋಯಿತು. ಭೀಮಸೇನರ ಹೆಸರು ನಮ್ಮ ಅವ್ವಂದಿರ ಬಾಯಿಗೆ ಬಂದದ್ದು ಈ ಪದಗಳಿಂದ.

ಮೊದಲಿನವರ ದೂರು ಕೂಡ ಕಾರ್ನೆಲ್ ಅಭಿಮಾನಿಗಳ ದೂರಿನ ಥರದ್ದೇ. ಉತ್ತರವೂ ಅದೇ. ದಾಸವಾಣಿಯ ಯಾವ ಪದವನ್ನಾದರೂ ಹೆಡ್‌ಫೋನು ಹಾಕಿ ಕೇಳಿ. ಪಲ್ಲವಿಯನ್ನು ಅವರು ನೆಟ್ಟಗೆ, ಮಾತಾಡುವಷ್ಟು ಸರಳವಾಗಿ ಎತ್ತಿಕೊಳ್ಳುತ್ತಾರೆ. ಎರಡನೇ ಸಲ ಅದೇ ಸಾಲು ಬಂದಾಗ ಒಂದು ಅಕ್ಷರದ ಮೇಲೆ ತಾನ್ ಹೊರಡುತ್ತದೆ. ಖಯಾಲಿನಲ್ಲಾಗಿದ್ದರೆ ಅದು ಆವರ್ತನ ಪೂರ್ತಿ ಓಡುತ್ತಿತ್ತು. ಇಲ್ಲಿ ನಾಲ್ಕು ಹೆಜ್ಜೆ ಇಟ್ಟು, ಪದದ ಅರ್ಥಕ್ಕೆ ಅಡ್ಡ ಬರುವ ಮುನ್ನವೇ ಮಡಿಚಿಕೊಂಡು ಸ್ವರಕ್ಕೆ ಬಂದು ಕೂಡುತ್ತದೆ. ತಡೆದ ಆ ಬಲವೇ ಹಾಡಿಗೆ ತೂಕ ಕೊಡುವುದು. ಬರೀ ಮೆದು ಗಂಟಲಿನವರು ಅದೇ ಪದವನ್ನು ಎಷ್ಟು ಇಂಪಾಗಿ ಹಾಡಿದರೂ ಆ ತೂಕ ಬರುವುದಿಲ್ಲ. ತಡೆಯುವುದಕ್ಕೆ ಅವರ ಹತ್ತಿರ ಅಷ್ಟು ಬಲ ಇರಬೇಕಲ್ಲ!

ಇನ್ನೂ ಒಂದು ಸಂಗತಿಯನ್ನು ಗುಡುಗಿನ ಅಭಿಮಾನಿಗಳು ಮರೆಯುತ್ತಾರೆ. ಬಾಲಕ ಭೀಮಸೇನನನ್ನು ಮನೆ ಬಿಟ್ಟು ಓಡುವಂತೆ ಮಾಡಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ರೆಕಾರ್ಡು. ಖಾನ್ ಸಾಹೇಬರ ದನಿ ತೆಳು, ಮೃದು, ಅಳುವಿಗೆ ಹತ್ತಿರವಾದದ್ದು. ಅವರ ಶಿಷ್ಯ ಸವಾಯಿ ಗಂಧರ್ವರನ್ನೇ ಕುಂದಗೋಳದಲ್ಲಿ ಹುಡುಗ ಗುರುವಾಗಿ ಪಡೆದ. ಆ ಸವಾಯಿ ಗಂಧರ್ವರೂ ಮರಾಠಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡಿ ಹಾಡಿದವರು. ಇಪ್ಪತ್ತರ ಪ್ರಾಯದಲ್ಲಿ, 1942ರಲ್ಲಿ, ಹೊರಬಂದ ಭೀಮಸೇನರ ಮೊದಲ ರೆಕಾರ್ಡಿನಲ್ಲಿ ಇದ್ದದ್ದು ಭಕ್ತಿಗೀತೆಗಳು. ಮೃದು ಹಾಡು ಅವರ ಇಳಿವಯಸ್ಸಿನ ವಿಶ್ರಾಂತಿಯಾಗಿರಲಿಲ್ಲ, ಹೊರಟದ್ದೇ ಅಲ್ಲಿಂದ.

ಇಬ್ಬರಲ್ಲಿ ವ್ಯತ್ಯಾಸವೂ ಇದೆ. ಭೀಮಸೇನರು ಖಯಾಲನ್ನು ಎಂದೂ ಬಿಡಲಿಲ್ಲ. ಒಂದೇ ರಾತ್ರಿ ಎರಡನ್ನೂ ಹಾಡುವ ಸೌಕರ್ಯ ನಮ್ಮ ಪದ್ಧತಿಯಲ್ಲೇ ಇದೆ, ಅದಕ್ಕೆ ಅವರ ಕೇಳುಗರು ಹೆಚ್ಚು ಸಿಟ್ಟಾಗಬೇಕಿರಲಿಲ್ಲ. ಕಾರ್ನೆಲ್‌ಗೆ ಅಂಥ ಮನೆ ಇರಲಿಲ್ಲ. ರಾಕ್ ಲೋಕದಲ್ಲಿ ಬ್ಯಾಂಡಿನ ಹೆಸರೇ ಕೇಳುಗನಿಗೆ ಕೊಟ್ಟ ಮಾತು. ಅದರಿಂದ ಹೊರಬಂದವನನ್ನು ದ್ರೋಹಿಯಂತೆ ಕಾಣುತ್ತಾರೆ. ಅವನು 2001ರಲ್ಲಿ ಆಡಿಯೋಸ್ಲೇವ್ ಬ್ಯಾಂಡು ಕಟ್ಟಿಕೊಂಡು ಮತ್ತೆ ಗದ್ದಲಕ್ಕೆ ಹೋದ, ಜನ ಖುಷಿಪಟ್ಟರು. 2011ರಲ್ಲಿ ಗಿಟಾರು ಹಿಡಿದು ಒಬ್ಬನೇ ವೇದಿಕೆ ಏರಿದ ಕಛೇರಿಗಳಿಂದ ‘ಸಾಂಗ್‌ಬುಕ್’ ಬಂತು. ಅಷ್ಟರಲ್ಲಿ ಕೇಳುಗರು ಬೆಳೆದಿದ್ದರು. ‘ಯೂಫೋರಿಯಾ’ವನ್ನು 2015ರಲ್ಲಿ ಮರುಬಿಡುಗಡೆ ಮಾಡಿದರು. 2017ರ ಮೇ ತಿಂಗಳಲ್ಲಿ ಕಾರ್ನೆಲ್ ತೀರಿಕೊಂಡ ಮೇಲಂತೂ, ಒಂದು ಕಾಲಕ್ಕೆ ಬದಿಗೆ ಸರಿಸಿದ್ದ ಈ ಆಲ್ಬಂಗೇ ಬಹಳ ಜನ ವಾಪಸು ಬಂದರು. ಅವನಿದ್ದಾಗಲೇ ಬಂದಿದ್ದರೆ ಎಂಬ ಸಂಕಟ ನನಗಿದೆ.

ಕೇಳುವುದಾದರೆ ಹೀಗೆ ಕೇಳಿ. ಮೊದಲು ‘ಸ್ವೀಟ್ ಯೂಫೋರಿಯಾ’, ಆಮೇಲೆ ‘ವೆನ್ ಐ ಆಮ್ ಡೌನ್’, ಅದರ ಬೆನ್ನಿಗೆ ಭೀಮಸೇನರ ಯಾವುದಾದರೂ ದಾಸರ ಪದ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ಉಸಿರೆಲ್ಲ ಅದರಲ್ಲಿ ಸತ್ತುಹೋಗುತ್ತದೆ. ಹುಬ್ಬಳ್ಳಿಯಿಂದ ಕುಷ್ಟಗಿಗೆ 2025ರಲ್ಲಿ ಶುರುವಾದ ರೈಲು ಈಗ ನಮ್ಮ ಕುಕನೂರಿನ ಮೇಲೆ ಹಾದುಹೋಗುತ್ತದೆ. ಗದಗ ಬಿಟ್ಟ ಮೇಲೆ ಹೆಡ್‌ಫೋನು ಹಾಕಿಕೊಂಡರೆ ಈ ಮೂರೂ ಊರು ಬರುವಷ್ಟರಲ್ಲಿ ಮುಗಿದು, ಮತ್ತೊಮ್ಮೆ ಕೇಳಲು ಹೊತ್ತು ಉಳಿಯುತ್ತದೆ.

ಅಣ್ಣನ ಮಗ ಇನ್ನೂ ಒಪ್ಪಿಲ್ಲ. ಮುಂದಿನ ಬೈಠಕ್ಕಿಗೆ ‘ಬ್ಯಾಡ್‌ಮೋಟರ್‌ಫಿಂಗರ್’ ಹಾಕಬೇಕೆಂದು ಪಟ್ಟು ಹಿಡಿದಿದ್ದಾನೆ. ಮಾಸ್ತರರು ಬರುತ್ತೇನೆಂದಿದ್ದಾರೆ, ಪೆಟ್ಟಿಗೆ ಸಮೇತ.