ಬಿಳಿಹೊಗೆಯ ಸಾಕ್ಷ್ಯ

ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಯಂತ್ರವನ್ನು ವಿದ್ವಾಂಸರ ಪರೀಕ್ಷೆಗೆ ಒಪ್ಪಿಸಿದಂದಿನಿಂದ ಈವರೆಗೆ ಅದರ ಮೂಲತತ್ತ್ವವು ಬದಲಾಗದೆ ಉಳಿದಿದೆ: ಕೊಳವೆಯೊಳಗೆ ಸೆರೆಸಿಕ್ಕಿದ ಗಾಳಿಯನ್ನು ಬಲವಾಗಿ ಅದುಮಿ, ಆ ಅದುಮುವಿಕೆಯಿಂದಲೇ ಹುಟ್ಟಿದ ಕಾವಿನೊಳಕ್ಕೆ ಎಣ್ಣೆಯನ್ನು ತುಂತುರಾಗಿ ಎರಚಿದರೆ, ಅದು ತಾನಾಗಿಯೇ ಹೊತ್ತಿಕೊಳ್ಳತಕ್ಕದ್ದು. ನಮ್ಮ ಬಯಲುಸೀಮೆಯ ಚಾಲಕನಿಗೆ ಈ ತತ್ತ್ವವನ್ನು ನೆನೆಯುವ ಪ್ರಸಂಗವೇ ಬಾರದು. ಬೀಗದ ಕೈ ತಿರುಗಿಸುತ್ತಾನೆ, ಎಂಜಿನ್ನು ನಡೆಯುತ್ತದೆ. ಆದರೆ ಸಮುದ್ರಮಟ್ಟದಿಂದ 3500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ, ಜನವರಿಯ ಮುಂಜಾವಿನಲ್ಲಿ, ಟಾಟಾ 697 ಎಂಜಿನ್ನಿನ ಹಳೆಯ ಲಾರಿಯೊಂದು ಸೆಲ್ಫ್ ಹೊಡೆದಷ್ಟೂ ನರಳಿ ನರಳಿ ಸುಮ್ಮನಾಗುವಾಗ, ಆ ತತ್ತ್ವದ ಒಂದೊಂದು ಅಕ್ಷರವೂ ಲೆಕ್ಕಕ್ಕೆ ಬರುತ್ತದೆ.

97 ಮಿಲಿಮೀಟರ್ ಅಗಲದ, 128 ಮಿಲಿಮೀಟರ್ ಓಟದ ಆರು ಸಿಲಿಂಡರುಗಳುಳ್ಳ ಈ ಎಂಜಿನ್ನು ಗಾಳಿಯನ್ನು ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಅದುಮುವಂಥದು. ಒಳಹೋಗುವ ಗಾಳಿಯ ಕಾವಿನಲ್ಲಿ ಒಂದು ಡಿಗ್ರಿ ಕಡಮೆಯಾದರೆ ಅದುಮಿ ಮುಗಿದಾಗಿನ ಕಾವಿನಲ್ಲಿ ಎರಡು ಡಿಗ್ರಿಗೂ ಮಿಗಿಲಾಗಿ ಕೊರತೆ ಬೀಳುತ್ತದೆಂಬುದನ್ನು ಗಣಿತದಿಂದಲೇ ತೋರಿಸಬಹುದು. ಹಾಗಾದರೆ ಬಯಲಿಗೂ ಲೇಹಿಗೂ ನಡುವೆ ಐವತ್ತು ಡಿಗ್ರಿಯ ಅಂತರವಿರುವ ದಿನ ಸಿಲಿಂಡರಿನೊಳಗಿನ ನಷ್ಟವೆಷ್ಟೆಂಬುದನ್ನು ಓದುಗರೇ ಊಹಿಸಲಿ. ಅದರ ಮೇಲೆ ಅಲ್ಲಿಯ ಗಾಳಿಯೇ ತೆಳುವು, ಅದರ ಒತ್ತಡವು ಕಡಲತಡಿಯ ಒತ್ತಡದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಇಷ್ಟು ಕ್ಲೇಶದಲ್ಲಿಯೂ ಸುಸ್ಥಿತಿಯ ಎಂಜಿನ್ನು ಹೊತ್ತಿಕೊಳ್ಳುತ್ತದೆ, ಏಕೆಂದರೆ ಡೀಸೆಲ್ಲಿಗೆ ಬೇಕಾದ ಕಾವು ಇನ್ನೂರು ಚಿಲ್ಲರೆ ಡಿಗ್ರಿಗಳಷ್ಟೆ. ಸವೆದ ಉಂಗುರಗಳು, ಸರಿಯಾಗಿ ಕೂಡದ ವಾಲ್ವುಗಳು, ಮೆಲ್ಲಗೆ ತಿರುಗುವ ಸೆಲ್ಫ್, ಇವುಗಳಲ್ಲಿ ಯಾವುದೊಂದು ಸೇರಿದರೂ ಆ ಅಲ್ಪ ಉಳಿತಾಯವು ಕರಗಿಹೋಗುತ್ತದೆ. ಚಳಿಯಲ್ಲಿ ಹಟ ಹಿಡಿದ ಎಂಜಿನ್ನಿನ ಮುಂದೆ ನಿಂತವನು ಕೇಳಬೇಕಾದ ಪ್ರಶ್ನೆ ಒಂದೇ ಎಂದು ನಾನು ಭಾವಿಸುತ್ತೇನೆ: ಕಾವು ಎಲ್ಲಿ ಸೋರಿಹೋಗುತ್ತಿದೆ?

ಪಾನಾ ಹಿಡಿಯುವುದಕ್ಕೆ ಮೊದಲು, ಮತ್ತೊಬ್ಬನಿಂದ ಸೆಲ್ಫ್ ಹೊಡೆಸಿ, ಹೊಗೆಕೊಳವೆಯ ಬಾಯನ್ನು ನೋಡತಕ್ಕದ್ದು. ಅನುಭವಿಗಳಾದ ಮೇಸ್ತ್ರಿಗಳು ಮೊದಲು ಮಾಡುವುದು ಇದನ್ನೇ. ಅವಸರಗಾರರು ಮರೆಯುವುದೂ ಇದನ್ನೇ. ಬಿಳಿಯ ದಟ್ಟವಾದ, ಕಣ್ಣುರಿಸುವ ಹೊಗೆ ಬಂದರೆ, ಎಣ್ಣೆಯು ಸಿಲಿಂಡರನ್ನು ಸೇರಿದೆ, ಆವಿಯೂ ಆಗಿದೆ, ಆದರೆ ಹೊತ್ತಿಕೊಳ್ಳುವಷ್ಟು ಕಾವು ಅಲ್ಲಿಲ್ಲ ಎಂದು ನಿಶ್ಚಯಿಸಬಹುದು. ಶೋಧನೆಯು ಬ್ಯಾಟರಿ, ಸೆಲ್ಫ್, ವಾಲ್ವುಗಳ ಕಡೆಗೆ ನಡೆಯಬೇಕು. ಹೊಗೆಯೇ ಬಾರದಿದ್ದರೆ ಎಣ್ಣೆಯೇ ತಲಪಿಲ್ಲ. ಆಗ ಬ್ಯಾಟರಿಯನ್ನು ದೂಷಿಸುವುದು ವ್ಯರ್ಥ, ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನು ಪರೀಕ್ಷಿಸಬೇಕು.

ಮೊದಲನೆಯ ಪಕ್ಷದಲ್ಲಿ ನನ್ನ ಸಂಶಯವು ಯಾವಾಗಲೂ ವಿದ್ಯುತ್ತಿನ ಮೇಲೆಯೇ. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಸೀಸದ ಬ್ಯಾಟರಿಯು ತನ್ನ ಬೇಸಗೆಯ ಶಕ್ತಿಯ ಅರ್ಧವನ್ನೂ ಕೊಡಲಾರದು. ಅದೇ ಹೊತ್ತಿನಲ್ಲಿ ಗಟ್ಟಿಯಾದ ಎಂಜಿನ್ ಆಯಿಲು ಸೆಲ್ಫಿನಿಂದ ಇಮ್ಮಡಿ ದುಡಿಮೆಯನ್ನು ಬೇಡುತ್ತದೆ. ಪೂರ್ಣವಾಗಿ ತುಂಬಿದ ಬ್ಯಾಟರಿಯ ದ್ರವದ ಸಾಂದ್ರತೆ 1.265ರ ಆಸುಪಾಸಿನಲ್ಲಿರಬೇಕು. ಬರಿದಾದುದನ್ನು ಹಾಗೆಯೇ ಬಿಟ್ಟರೆ ಶೂನ್ಯಕ್ಕಿಂತ ಸುಮಾರು ಹತ್ತು ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟಿ ಒಡೆದೇಹೋಗುವುದುಂಟು. ಆದರೆ ಹೊಸ ಬ್ಯಾಟರಿಗೆ ಹಣ ಸುರಿಯುವ ಮುನ್ನ, ಎಂಜಿನ್ನನ್ನೂ ಚಾಸಿಯನ್ನೂ ಕೂಡಿಸುವ ಅರ್ತ್ ಪಟ್ಟಿಯನ್ನು ಬಿಚ್ಚಿ ನೋಡುವುದು ಲೇಸು. ತುಕ್ಕು ಹಿಡಿದ ಆ ಪಟ್ಟಿಯಷ್ಟು ನಿರಪರಾಧಿಗಳನ್ನು ದಂಡನೆಗೆ ಗುರಿಮಾಡಿದ ಭಾಗವು ಲಾರಿಯಲ್ಲಿ ಇನ್ನೊಂದಿಲ್ಲ. ಸೆಲ್ಫ್ ತಿರುಗುತ್ತಿರುವಾಗ ವೋಲ್ಟ್‌ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಮತ್ತೊಂದನ್ನು ಎಂಜಿನ್ನಿನ ಮೈಗೂ ಮುಟ್ಟಿಸಿ, ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಕಳ್ಳನು ಸಿಕ್ಕಿಬಿದ್ದನೆಂದೇ ತಿಳಿಯಬೇಕು.

ಇಲ್ಲಿ ಹಳೆಯ ಮಾದರಿಗಳ ಅಭಿಮಾನಿಗಳಿಗೆ ಪ್ರಿಯವಾದ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಟೆಲ್ಕೊ ಸಂಸ್ಥೆಯು ಡೈಮ್ಲರ್-ಬೆಂಜ್ ಸಹಯೋಗದಲ್ಲಿ 1954ರಿಂದ ಜಮಶೇಡಪುರದಲ್ಲಿ ತಯಾರಿಸಿದ ಮೊದಮೊದಲ ಲಾರಿಗಳ ಎಂಜಿನ್ನಿನಲ್ಲಿ ಎಣ್ಣೆಯು ನೇರವಾಗಿ ಸಿಲಿಂಡರಿಗೆ ಬೀಳದೆ, ಅದರ ತಲೆಯಲ್ಲಿದ್ದ ಪುಟ್ಟ ಪೂರ್ವಕೋಷ್ಠವೊಂದರಲ್ಲಿ ಬೀಳುತ್ತಿತ್ತು. ಓಡುವಾಗ ಅದು ಮೃದು, ಸದ್ದಿನಲ್ಲಿ ಸೌಮ್ಯ. ಆದರೆ ಆ ಕೋಷ್ಠದ ತಣ್ಣನೆಯ ಗೋಡೆಗಳು ಕಾವನ್ನು ಹೀರಿಬಿಡುವುದರಿಂದ, ಕೋಷ್ಠಕ್ಕೊಂದರಂತೆ ಹೀಟರ್ ಪ್ಲಗ್ಗುಗಳನ್ನು ಕೆಂಪಗೆ ಕಾಯಿಸದ ಹೊರತು ಅದು ಏಳದು. ಆ ಪ್ಲಗ್ಗುಗಳೆಲ್ಲವೂ ಒಂದರ ಹಿಂದೊಂದು ಒಂದೇ ಸರಣಿಯಲ್ಲಿ ಕಟ್ಟಿದವು. ಒಂದು ಸುಟ್ಟುಹೋದರೆ ಆರೂ ನಿಷ್ಪ್ರಯೋಜಕ. ಚಾಲಕನೆದುರಿನ ಫಲಕದಲ್ಲಿ ಕೆಂಪೇರಬೇಕಾದ ಸಣ್ಣ ತಂತಿ ಕಪ್ಪಾಗಿಯೇ ಉಳಿದರೆ, ಪರೀಕ್ಷಾದೀಪವನ್ನು ಹಿಡಿದು ವಿದ್ಯುತ್ತು ಬರುವ ಕಡೆಯಿಂದ ಪ್ಲಗ್ಗಿನಿಂದ ಪ್ಲಗ್ಗಿಗೆ ಸಾಗಬೇಕು. ಎಲ್ಲಿಂದಾಚೆಗೆ ದೀಪವು ಆರುವುದೋ ಅಲ್ಲಿದೆ ಮುರಿದ ಕೊಂಡಿ. ದೋಷವನ್ನು ಇಷ್ಟು ಸ್ಪಷ್ಟವಾಗಿ ನಿವೇದಿಸಿಕೊಳ್ಳುವ ರಚನೆಯನ್ನು ಮೆಚ್ಚದೆ ಇರುವುದು ಹೇಗೆ! 697ರಂಥ ನೇರ ಸಿಂಚನದ ಎಂಜಿನ್ನುಗಳಿಗೆ ಈ ಪ್ಲಗ್ಗುಗಳ ಗೊಡವೆಯಿಲ್ಲ, ಆ ಸಹಾಯವೂ ಇಲ್ಲ.

ಹೊಗೆಯೇ ಬಾರದ ಎರಡನೆಯ ಪಕ್ಷದಲ್ಲಿ, ಹಿಮಪ್ರದೇಶದ ಮೊದಲ ಶಂಕಿತವು ಡೀಸೆಲ್ಲೇ. ನಮ್ಮ ಮನೆಗಳಲ್ಲಿ ಮಾರ್ಗಶಿರದ ಬೆಳಗ್ಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪಾಗುವಂತೆ, ಡೀಸೆಲ್ಲಿನಲ್ಲಿರುವ ಮೇಣದಂಶವು ಚಳಿಯಲ್ಲಿ ಹರಳುಗಟ್ಟಿ ಫಿಲ್ಟರಿನ ರಂಧ್ರಗಳನ್ನು ಮುಚ್ಚುತ್ತದೆ. ಬಯಲಿನ ಡೀಸೆಲ್ಲು ಫಿಲ್ಟರಿಗೆ ಅಡ್ಡಿಮಾಡದೆ ಹರಿಯಬೇಕಾದ ಕೆಳಮಿತಿಯನ್ನು ಭಾರತೀಯ ಮಾನಕವು ಚಳಿಗಾಲಕ್ಕೆ 6 ಡಿಗ್ರಿ, ಬೇಸಗೆಗೆ 18 ಡಿಗ್ರಿಯೆಂದು ವಿಧಿಸಿತ್ತು. ಪಂಜಾಬಿನಲ್ಲಿ ಟ್ಯಾಂಕು ತುಂಬಿಸಿಕೊಂಡು ಜೋಜಿಲಾ ದಾಟಿದ ಲಾರಿಯ ಗತಿಯನ್ನು ಇದರಿಂದಲೇ ತಿಳಿಯಬಹುದು. ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರಿನಲ್ಲಿ, ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ಲನ್ನು ಪಾಣಿಪತ್ತಿನಲ್ಲಿ ತಯಾರಿಸಿ ಲಡಾಖಿಗೆ ಒದಗಿಸತೊಡಗಿದುದು ಅಲ್ಲಿಯ ಸಾರಿಗೆಗೆ ಮಹೋಪಕಾರವಾಯಿತು. ಕಟ್ಟಿಕೊಂಡ ಫಿಲ್ಟರಿನ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಕಾಯಬೇಕು. ಟ್ಯಾಂಕಿನಡಿ ಸ್ಟವ್ ಹಚ್ಚುವ, ಬೆಂಕಿ ಹಾಕುವ ಪದ್ಧತಿಯನ್ನು ನಾನು ಸರ್ವಥಾ ಒಪ್ಪಲಾರೆ; ಅನಿವಾರ್ಯತೆಯು ಅಪಾಯವನ್ನು ತಗ್ಗಿಸುವುದಿಲ್ಲ.

ಮೇಣವಿಲ್ಲದೆಯೂ ಹೊಗೆ ಬಾರದಿದ್ದರೆ ಎಣ್ಣೆಯ ಸಾಲಿನಲ್ಲಿ ಏರ್ ಹಿಡಿದಿರಬೇಕು. ಹಳೆಯ ಲಾರಿಗಳಲ್ಲಿ ಇದು ಸರ್ವೇಸಾಮಾನ್ಯ. ಬಿರಿದ ರಬ್ಬರ್ ಕೊಳವೆ, ಸವೆದ ತಾಮ್ರದ ವಾಷರು, ಇಂಥ ಯಾವುದೋ ಸಣ್ಣ ಎಡೆಯಿಂದ ಗಾಳಿಯು ನುಸುಳಿ, ರಾತ್ರಿಯಿಡೀ ಡೀಸೆಲ್ಲು ಟ್ಯಾಂಕಿಗೆ ಹಿಂದೆ ಇಳಿದಿರುತ್ತದೆ. ಬೇಸಗೆಯಲ್ಲಿ ಸೆಲ್ಫ್ ಚುರುಕಾಗಿ ತಿರುಗಿ ಆ ಕೊರತೆಯನ್ನು ತುಂಬಿಕೊಳ್ಳುವುದರಿಂದ ಯಾರಿಗೂ ತಿಳಿಯದು. ನಮ್ಮ ಬೆಂಗಳೂರಿನ ಮೈಕೋ ಕಾರ್ಖಾನೆಯ ಪಂಪು ಇದ್ದ ಲಾರಿಯಾದರೆ, ಫೀಡ್ ಪಂಪಿನ ಮೇಲಿನ ಕೈಪಂಪನ್ನು ಒತ್ತುತ್ತ, ಫಿಲ್ಟರಿನ ಬ್ಲೀಡ್ ತಿರುಪನ್ನು ಸಡಿಲಿಸಿ, ನೊರೆ ನಿಂತು ನಿರ್ಮಲವಾದ ಎಣ್ಣೆ ಬರುವವರೆಗೂ ತಾಳ್ಮೆಯಿಂದಿರಬೇಕು. ಸಂಜೆ ಬ್ಲೀಡ್ ಮಾಡಿ ಬೆಳಗ್ಗೆ ಮತ್ತೆ ನೊರೆ ಬಂದರೆ ಸೋರಿಕೆ ಖಚಿತ.

ಈಥರ್ ಎರಚಿ ಎಬ್ಬಿಸುವ ರೂಢಿಯೂ ಇದೆ. ಕೊನೆಯ ಉಪಾಯವಾಗಿ, ಮಿತವಾಗಿ, ನೇರ ಸಿಂಚನದ ಎಂಜಿನ್ನಿಗೆ ಅದು ಸಹ್ಯವೆನ್ನಬಹುದು. ಆದರೆ ಕಾದ ಹೀಟರ್ ಪ್ಲಗ್ಗುಳ್ಳ ಎಂಜಿನ್ನಿಗೆ ಈಥರ್ ಕೂಡದು, ಅದು ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ನನ್ನೂ ಉಂಗುರಗಳನ್ನೂ ಮುರಿಯಬಲ್ಲದು. ಹದಿನೈದು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯುವುದೂ ಸಲ್ಲದು. ನಡುವೆ ಒಂದೆರಡು ನಿಮಿಷ ಅದನ್ನು ತಣಿಯಲು ಬಿಡಬೇಕು.

ಎಂಜಿನ್ನು ಎದ್ದ ಬಳಿಕವೂ ಕೆಲವು ನಿಮಿಷ ಒಂದೆರಡು ಸಿಲಿಂಡರುಗಳು ತಡವರಿಸುವುವು, ಬಡಿತ ಕೇಳುವುದು, ಬಿಳಿಹೊಗೆ ಉಳಿಯುವುದು. ಕಾವೇರಿದ ಮೇಲೂ ತಡವರಿಕೆ ನಿಲ್ಲದಿದ್ದರೆ, ಎಂಜಿನ್ನು ನಿಧಾನಗತಿಯಲ್ಲಿ ನಡೆಯುತ್ತಿರುವಂತೆಯೇ, ಕೈಯನ್ನೂ ಮುಖವನ್ನೂ ಎಣ್ಣೆಯ ಚಿಮ್ಮುವಿಕೆಯಿಂದ ದೂರವಿಟ್ಟು, ನಾಜಲ್ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿಯಬೇಕು. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸ್ವರವು ಕಿಂಚಿತ್ತೂ ಬದಲಾಗದೋ, ಆ ಸಿಲಿಂಡರಿನ ನಾಜಲನ್ನು ಮೊದಲು ಹೊರತೆಗೆದು ಪರೀಕ್ಷಿಸುವುದು.