ಎರಡು ದಿನದ ಮುಂಬಯಿ

ಈಚೆಗೆ ಮುಂಬಯಿಗೆ ಹೋಗಿ ಬಂದೆನೆಂದು ತಿಳಿದ ಮಿತ್ರರೊಬ್ಬರು, ಆ ನಗರದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದರು. ಶನಿವಾರ ಬೆಳಿಗ್ಗೆ ಇಳಿದು ಸೋಮವಾರ ಮಧ್ಯಾಹ್ನ ಗಾಡಿ ಹತ್ತಿದವನು ನಾನು. ಬರೆಯುವುದಕ್ಕೆ ಅದೇನೂ ಅಡ್ಡಿಯಲ್ಲ. ನಗರಗಳನ್ನು ಕುರಿತು ನಮ್ಮಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಇಷ್ಟೇ ಬಂಡವಾಳದಲ್ಲಿ ಹುಟ್ಟಿದವು. ಕುಳಿತು ನಾಲ್ಕು ಪುಟ ಬರೆದೂ ಬರೆದೆ. ಓದಿ ನೋಡಿದರೆ ಬರಬೇಕಾದದ್ದೆಲ್ಲ ಬಂದಿತ್ತು: ಸ್ಟೇಷನ್ನಿನ ಜನಸಾಗರ, ಮರೀನ್ ಡ್ರೈವಿನ ದೀಪಗಳ ಸಾಲು, ಗೇಟ್‌ವೇ ಮುಂದಿನ ಪಾರಿವಾಳಗಳು, ಗಗನಚುಂಬಿ ಮಹಡಿಗಳು, ಅವುಗಳ ಬುಡದಲ್ಲೇ ಗುಡಿಸಲುಗಳು, ಕಡೆಗೆ 'ಯಾರಿಗೂ ಯಾರ ಗೊಡವೆಯೂ ಇಲ್ಲದ ಊರು' ಎಂಬ ಒಂದು ನಿಟ್ಟುಸಿರು. ಮುಂಬಯಿಗೆ ಹೋಗದೆಯೇ ಬರೆಯಬಹುದಾಗಿದ್ದ ಲೇಖನ. ಹರಿದು ಹಾಕಿದೆ. ಆದರೆ ನಮ್ಮ ನಗರಪ್ರವಾಸದ ಬರಹ ಇಷ್ಟು ಸುಲಭವಾಗಿ ಹೀಗೆ ಸಪ್ಪೆಯಾಗುವುದೇಕೆ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಕಾಲ ಸಾಲದೆ ಹೋದದ್ದೇ ದೋಷವೆನ್ನುವಂತಿಲ್ಲ. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ' ಹಂಪಿಗೆ ಹೋಗಿ ಬಂದವರ ಪುಸ್ತಕವೇ ಹೊರತು ಹಂಪಿಯಲ್ಲಿ ನೆಲೆಸಿದವರದಲ್ಲ. ಅದರಿಂದ ಅದಕ್ಕೆ ಕುಂದೇನೂ ಬಂದಿಲ್ಲ. ಆದರೆ ಆ ಪಟ್ಟಣದ ದಿನದ ವ್ಯವಹಾರ 1565ರ ಯುದ್ಧದೊಡನೆ ನಿಂತುಹೋಯಿತು. ಅಲ್ಲಿ ಕಲ್ಲುಗಳು ಯಾತ್ರಿಕನಿಗಾಗಿ ಕಾದಿವೆ, ಅವನು ಬರದಿದ್ದರೆ ಅವಕ್ಕೆ ಬೇರೆ ಕೆಲಸವಿಲ್ಲ. ಮುಂಬಯಿಯಂಥ ಊರಿಗೆ ಬೇರೆ ಕೆಲಸವಿದೆ. ವಾರದ ಕೊನೆಗೆ ಹೋದವನು ಆ ಕೆಲಸವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿ ಬರುತ್ತಾನೆ.

ನಾನು ಇಳಿದುಕೊಂಡದ್ದು ನನ್ನ ಹೆಂಡತಿಯ ತಮ್ಮನ ಮನೆಯಲ್ಲಿ. ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ. ಇಪ್ಪತ್ತು ವರ್ಷಕ್ಕೆ ಮೇಲಾಯಿತು ಅವನು ಅಲ್ಲಿ ಸೇರಿ. ವಾರಕ್ಕೆ ಆರು ದಿನ ಪರೇಲಿನ ಕಡೆ ಕಚೇರಿ. ಶನಿವಾರ ನಾನೊಬ್ಬನೇ ತಿರುಗಿದೆ. ಭಾನುವಾರ ನನಗೆ ಊರು ತೋರಿಸುವುದು ತನ್ನ ಜವಾಬ್ದಾರಿಯೆಂದು ಅವನು ಮೊದಲೇ ತೀರ್ಮಾನಿಸಿದ್ದ. 'ಎಂಟು ಗಂಟೆಗೆಲ್ಲ ಹೊರಟುಬಿಡೋಣ ಭಾವ, ಆಮೇಲೆ ಮೆಗಾ ಬ್ಲಾಕ್ ಇದೆ' ಎಂದ. ಭಾನುವಾರಗಳಂದು ಹಳಿಯ ರಿಪೇರಿಗಾಗಿ ಕೆಲವು ಗಂಟೆ ಲೋಕಲ್ ಗಾಡಿಗಳನ್ನು ನಿಲ್ಲಿಸುವುದಕ್ಕೋ ಬೇರೆ ಹಳಿಗೆ ತಿರುಗಿಸುವುದಕ್ಕೋ ಅಲ್ಲಿ ಹಾಗೆನ್ನುತ್ತಾರೆ. ಆರು ದಿನ ಓಡಿದ ಹಳಿಗೂ ಒಂದು ದಿನ ವಿರಾಮ ಬೇಕಲ್ಲ! ಅವನ ಹೆಂಡತಿ, 'ನೀವು ಹೋಗಿ ಬನ್ನಿ ಅಣ್ಣ' ಎಂದು ಅಡಿಗೆಗೆ ಉಳಿದಳು.

ಗಾಡಿಯಲ್ಲಿ ನಿಲ್ಲುವುದಕ್ಕೆ ಮಾತ್ರ ಜಾಗ ಸಿಕ್ಕಿತು. 'ಏನಪ್ಪಾ ಇದು ಜನ' ಎಂದೆ. ಅವನು ಸುತ್ತ ನೋಡಿ, ನಿಜವಾದ ಆಶ್ಚರ್ಯದಿಂದ, 'ಗರ್ದಿ ಎಲ್ಲಿದೆ ಭಾವ? ಇವತ್ತು ರವಿವಾರ' ಎಂದ. (ನಮ್ಮ ಮನೆಯವರು ಭಾನುವಾರ ಎನ್ನುವವರು, ಇವನ ಬಾಯಲ್ಲಿ ಯಾವಾಗಲೋ ಅದು ರವಿವಾರವಾಗಿದೆ.) ಈ ಒಂದು ಮಾತಿನಲ್ಲಿ ನನ್ನ ಲೇಖನದ ಮೊದಲ ಪುಟ ಬಿದ್ದುಹೋಗಬೇಕಾಗಿತ್ತು. ಜನಸಾಗರವೆಂಬುದು ಹೊರಗಿನವನ ಕಣ್ಣಿಗೆ ಕಾಣುವ ವಸ್ತು. ದಿನವೂ ಹೋಗುವವನಿಗೆ ಅಲ್ಲಿರುವುದು ತನ್ನ ಡಬ್ಬಿ, ತಾಳ ಹಿಡಿದು ಭಜನೆ ಹೇಳುವ ತನ್ನ ಗುಂಪು, ಮುಂದಿನ ಸ್ಟೇಷನ್ನು ಯಾವ ಬದಿಗೆ ಬರುತ್ತದೆಂಬ ಲೆಕ್ಕ.

ಊರಿನ ಹೆಸರಾಂತ ಸ್ಟೇಷನ್ನಿನ ಕಟ್ಟಡ 1888ರದೆಂದು ಪುಸ್ತಕದಿಂದ ತಿಳಿದದ್ದನ್ನು ನಾನೇ ಅವನಿಗೆ ಹೇಳಿದೆ. ತಲೆಯೆತ್ತಿ ನೋಡಿ 'ಹೌದಾ ಭಾವ' ಎಂದ. ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತೆವು. ಸಮುದ್ರದ ಮೇಲೆ ಒಂದು ಒಳ್ಳೆಯ ವಾಕ್ಯ ನನ್ನ ಮನಸ್ಸಿನಲ್ಲಿ ಕೂಡಿಕೊಳ್ಳುತ್ತಿತ್ತು. ಅದನ್ನು ಅವನಿಗೆ ಹೇಳೋಣವೆಂದು ತಿರುಗಿದರೆ, ಕುಳಿತಲ್ಲೇ, ಮಡಿಲಲ್ಲಿ ನನ್ನ ನೀರಿನ ಬಾಟಲಿ ಹಿಡಿದುಕೊಂಡು ನಿದ್ದೆಹೋಗಿದ್ದ.

ಹರಿದುಹಾಕಿದ ಬರಹದಲ್ಲಿ ಸಮುದ್ರಕ್ಕೆ ಹನ್ನೊಂದು ಸಾಲು ಸಂದಿತ್ತು. ಅವನಿಗೆ ಒಂದು, ಅದೂ ಕೃತಜ್ಞತೆಯದು. ನಮ್ಮ ಪ್ರವಾಸದ ಬರಹಗಳಲ್ಲಿ ಹೆಚ್ಚಿನವು ಹೀಗೆಯೇ. ಆತಿಥೇಯನು ಸ್ಟೇಷನ್ನಿಗೆ ಬಂದು ಎದುರುಗೊಳ್ಳುತ್ತಾನೆ, ಊಟ ಹಾಕುತ್ತಾನೆ, ದಾರಿ ತೋರಿಸುತ್ತಾನೆ, ಉಪಸಂಹಾರದಲ್ಲಿ ವಂದನೆ ಪಡೆದು ಮರೆಯಾಗುತ್ತಾನೆ. ಅತಿಥಿಯ ಎರಡು ದಿನ ಅವನ ಒಂದೇ ರಜೆಯಿಂದ ಕೊಯ್ದು ಕೊಟ್ಟದ್ದೆಂಬುದು ಎಲ್ಲಿಯೂ ಬರುವುದಿಲ್ಲ. ನಗರವೆಂಬುದು ನಿಜವಾಗಿ ಇರುವುದೋ ಅವನ ಬಳಿ.

ಕನ್ನಡಕ್ಕೆ ಮುಂಬಯಿಯನ್ನು ನಿಜವಾಗಿ ತಂದುಕೊಟ್ಟವರು ಈ ಆತಿಥೇಯನ ಕಡೆಯಿಂದ ಬರೆದವರೇ. ಹನೇಹಳ್ಳಿಯ ಯಶವಂತ ಚಿತ್ತಾಲರು, ಗೋಕರ್ಣದ ಜಯಂತ ಕಾಯ್ಕಿಣಿಯವರು, ಒಂದೇ ಕರಾವಳಿಯಿಂದ ಹೋಗಿ ಅಲ್ಲಿನ ಕಾರ್ಖಾನೆ ಕಂಪನಿಗಳಲ್ಲಿ ದುಡಿದವರು. ಚಿತ್ತಾಲರ 'ಶಿಕಾರಿ' (1979) ತೊಡಗುವುದೇ ಒಂದು ರಜೆಯಿಂದ ಎಂಬುದನ್ನು ಈ ಸಲ ಊರಿಗೆ ಬಂದು ಮತ್ತೆ ಓದಿದಾಗ ಗಮನಿಸಿದೆ. ಕಂಪನಿಯ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು, ಆಪಾದನೆಯ ಮೇಲೆ, ಬಲವಂತವಾಗಿ ರಜೆಯ ಮೇಲೆ ಕಳಿಸುತ್ತಾರೆ. ಕೆಲಸ ತಪ್ಪಿದ ಕ್ಷಣದಿಂದ ಇಷ್ಟು ವರ್ಷ ಮನೆಯಾಗಿದ್ದ ಊರು ಅವನನ್ನು ಬೇಟೆಯಾಡತೊಡಗುತ್ತದೆ. ಪ್ರವಾಸಿಗೆ ರಜೆಯಲ್ಲಿ ಮುಂಬಯಿ ಸುಂದರ, ನಾಗಪ್ಪನಿಗೆ ಅದೇ ರಜೆಯಲ್ಲಿ ಅದು ಭಯಂಕರ. ಅಲ್ಲಿ ನಿಲ್ಲುವುದಕ್ಕೆ ಮನುಷ್ಯನಿಗಿರುವ ನೆಲ ಅವನ ಕೆಲಸವೊಂದೇ ಎಂಬ ಕಠಿಣ ಸತ್ಯವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹಿಡಿದ ಇನ್ನೊಂದು ಕನ್ನಡ ಕಾದಂಬರಿ ನನಗೆ ಗೊತ್ತಿಲ್ಲ. ನಾಗಪ್ಪನ ಆತ್ಮಶೋಧನೆ ಕೆಲವೆಡೆ ಅತಿಯಾಗಿ ಲಂಬಿಸುತ್ತದೆ, ಬೀದಿ ಮಸುಕಾಗಿ ಅವನ ತಲೆಯೊಳಗಿನ ತರ್ಕ ಮಾತ್ರ ಉಳಿಯುತ್ತದೆ ಎಂಬುದನ್ನೂ ಒಪ್ಪಬೇಕು. ವ್ಯಾಸರಾಯ ಬಲ್ಲಾಳರ 'ಬಂಡಾಯ'ವನ್ನೂ ಇಲ್ಲಿ ನೆನೆಯಬೇಕು. 1982ರ ಜನವರಿಯಲ್ಲಿ ತೊಡಗಿದ ಗಿರಣಿ ಮುಷ್ಕರದ ನಂತರ ಪರೇಲಿನ ಗಿರಣಿಗಳು ಒಂದೊಂದಾಗಿ ಅಂಗಡಿಗಳೂ ಕಚೇರಿಗಳೂ ಆಗಿರುವುದನ್ನು ಶನಿವಾರ ಕಂಡು ಬಂದವನಿಗೆ, ದುಡಿಮೆಗಾರರ ಆ ಊರು ಒಂದು ಕಾಲಕ್ಕೆ ಇತ್ತು ಎಂದು ಹೇಳುವ ಪುಸ್ತಕ ಬೇಕು.

ಕಾಯ್ಕಿಣಿಯವರ ದಾರಿ ಬೇರೆ. 1911ರಲ್ಲಿ ತೆರೆದ ಆಪೆರಾ ಹೌಸ್ ಗಿರಗಾಂವ ಬಳಿ ಇದೆ. 1993ರಲ್ಲಿ ಮುಚ್ಚಿ, 2016ರಲ್ಲಿ ಮತ್ತೆ ಬಾಗಿಲು ತೆರೆದದ್ದು. ನಾನೂ ಅದರ ಮುಂದೆ ನಿಂತು ಮುಂಭಾಗದ ಶಿಲ್ಪವನ್ನು ಮೆಚ್ಚಿದವನೇ. ಕಾಯ್ಕಿಣಿಯವರ 'ಒಪೆರಾ ಹೌಸ್' ಕಥೆಯಲ್ಲಿ ಆ ಕಟ್ಟಡವನ್ನು ನೋಡುವವನು ಅಲ್ಲಿ ಕಸ ಗುಡಿಸುವ ಹುಡುಗ. ಆಟ ಮುಗಿದ ಮೇಲೆ ಕುರ್ಚಿಗಳ ಕೆಳಗೆ ಜನ ಮರೆತು ಹೋದ ವಸ್ತುಗಳು ಅವನಿಗೆ ಸಿಗುತ್ತವೆ. ಒಂದು ದಿನ ಒಂದು ಫ್ಲಾಸ್ಕು ಸಿಗುತ್ತದೆ. ಶಿಲ್ಪದ ಕಡೆಗೆ ಕಣ್ಣು ಹೋಗದವನು ಆ ಫ್ಲಾಸ್ಕಿನ ಹಿಂದೆ ಯಾವುದೋ ಮನೆಯ ಕಾಯಿಲೆ, ಕಾಳಜಿಗಳನ್ನು ಕಾಣಬಲ್ಲ. 'ದಗಡೂ ಪರಬನ ಅಶ್ವಮೇಧ'ದಲ್ಲಿ ಮೆರವಣಿಗೆಯ ಕುದುರೆ ಮದುಮಗನನ್ನು ಹೊತ್ತು ಓಡಿಬಿಡುತ್ತದೆ. ನಗುವ ಹೊತ್ತಿಗೇ ಆ ಓಟದೊಳಗಿನ ಬಿಡುಗಡೆ ಓದುಗನಿಗೂ ತಟ್ಟುತ್ತದೆ. ಇವರ ಮುಂಬಯಿಯಲ್ಲಿ ಒಬ್ಬರಿಗೊಬ್ಬರು ಆಗಿಬರುವುದು ಒಮ್ಮೊಮ್ಮೆ ತುಸು ಸಲೀಸಾಯಿತೇನೋ, ಕಥೆಗಾರರು ಆ ಊರಿನ ಕ್ರೌರ್ಯಕ್ಕೆ ರಿಯಾಯತಿ ತೋರಿಸಿದರೇನೋ ಎನಿಸುವುದುಂಟು. ಆದರೆ 'ಯಾರಿಗೂ ಯಾರ ಗೊಡವೆಯೂ ಇಲ್ಲ' ಎಂಬ ನನ್ನ ನಿಟ್ಟುಸಿರಿಗಿಂತ ಆ ಮೃದುತ್ವದಲ್ಲಿ ಹೆಚ್ಚು ತಿಳಿವಳಿಕೆ ಇದೆ. ನಾನು ಆ ಸಾಲನ್ನು ಬರೆದದ್ದು, ಇಡೀ ದಿನ ನನ್ನ ಬಾಟಲಿ ಹೊತ್ತು ತಿರುಗಿದವನ ಮನೆಯಲ್ಲಿ ಉಂಡು ಬಂದ ಮೇಲೆ.

ಸೋಮವಾರ ನಾನೇಳುವ ವೇಳೆಗೆ ಅವನು ಹೊರಟುಹೋಗಿದ್ದ. ಬಚ್ಚಲಲ್ಲಿ ನನಗಾಗಿ ಎರಡು ಬಕೆಟ್ಟು ನೀರು ತುಂಬಿಟ್ಟಿದ್ದ. ನಲ್ಲಿಯಲ್ಲಿ ನೀರು ಬರುವ ಹೊತ್ತು ನನ್ನ ನಿದ್ದೆಯ ಹೊತ್ತು. ಎದ್ದು ಕಳಿಸಿಕೊಡಬೇಕೆಂದು ರಾತ್ರಿ ಅಂದುಕೊಂಡದ್ದು ಅಂದುಕೊಂಡಂತೆಯೇ ಉಳಿಯಿತು. ಮನೆಗೆ ಬಂದ ಮೇಲೆ ನನ್ನಾಕೆ ಗೇಟ್‌ವೇಯ ವಿಚಾರ ಕೇಳಲಿಲ್ಲ. 'ಇಳಿದುಹೋಗಿದ್ದಾನಾ? ಕೂದಲು ಬೆಳ್ಳಗಾಗಿದೆಯಂತಲ್ಲ, ಹೌದಾ?' ಎಂದು ಕೇಳಿದಳು. ಎಷ್ಟು ಯೋಚಿಸಿದರೂ ಅವನ ತಲೆಗೂದಲಿನ ಬಣ್ಣ ನನ್ನ ನೆನಪಿಗೆ ಬರಲಿಲ್ಲ.