ಸಮುದ್ರದ ನಡುವೆ ಇಂಜಿನ್ ಬಂದ್ ಆದರೆ?

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರ ಆಗಸ್ಟ್‌ನಲ್ಲಿ ಬಂದಾಗ ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ, ಮೊದಲು ನಮ್ಮೂರು ಹುಡುಕಿದೆ. ತೇರದಾಳ ಸಿಕ್ಕಿತು. ಕಬ್ಬಿನ ಹೊಲ, ರಬಕವಿ ಕಡೆ ಹೋಗುವ ರಸ್ತೆ, ಆಚೆಗೆ ಕೃಷ್ಣಾ ನದಿ, ಎಲ್ಲ ಇದ್ದವು. ಹನ್ನೆರಡನೇ ಶತಮಾನದ ನೇಮಿನಾಥ ಬಸದಿ ಇರಬೇಕಾದ ಜಾಗದಲ್ಲಿ ಮಾತ್ರ ಡಬ್ಬಿಯಂಥ ಯಾವುದೋ ಮನೆ. ಹೋಗ್ಲಿ ಬಿಡಿ, ಇಡೀ ಭೂಮಿ ಕಟ್ಟಲು ಹೊರಟವರಿಗೆ ಬಸದಿ ತಪ್ಪಿದರೆ ಕ್ಷಮಿಸಬಹುದು. ನನ್ನ ತಕರಾರು ಇರೋದು ಸಮುದ್ರದ ಬಗ್ಗೆ.

ಈ ಆಟದ ವರ್ಲ್ಡ್ ಮ್ಯಾಪ್‌ನಲ್ಲಿ ಬೆಂಗಳೂರು ಒತ್ತಿ, ಸ್ಯಾನ್ ಫ್ರಾನ್ಸಿಸ್ಕೋ ಒತ್ತಿ ನೋಡಿ. ಕಣ್ಣು ಮಿಟುಕಿಸುವುದರೊಳಗೆ ಗೆರೆ ಬೀಳುತ್ತದೆ. ನೇರ ದೂರ ಸುಮಾರು 14,000 ಕಿ.ಮೀ. ನಾನು ಬೇಕಂತಲೇ ಬೋಯಿಂಗ್ 787-10 ಆರಿಸಿದೆ. ಆ ವಿಮಾನದ ತಾಕತ್ತು 12,000 ಕಿ.ಮೀ. ಒಳಗೇ ಮುಗಿಯುತ್ತದೆ. ಆದರೂ ‘ಫ್ಲೈ’ ಬಟನ್ ಒತ್ತಲು ಆಟ ಅಡ್ಡಿ ಮಾಡಲಿಲ್ಲ. ಪೆಟ್ರೋಲ್ ಪಂಪಿನ ಹುಡುಗ ಕೂಡ ‘ಎಲ್ಲಿಗೆ ಹೊಂಟೀರಿ ಸರ, ಫುಲ್ ಮಾಡ್ಲಾ?’ ಅಂತ ಕೇಳ್ತಾನೆ.

ಇಂಧನದ್ದು ಸಣ್ಣ ವಿಷಯ, ದೊಡ್ಡದು ಗಾಳಿ. ಬನಹಟ್ಟಿ ಮಗ್ಗದ ಒಂದು ಎಳೆ ನೂಲು ತಗೊಂಡು ಶಾಲೆಯ ಗ್ಲೋಬಿನ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಹಿಡಿದರೆ ಅದು ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಅತಿ ಹತ್ತಿರದ ದಾರಿ ಅದೇ. ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಅನ್ನುವ ಖಾತ್ರಿ ಮಾತ್ರ ಇಲ್ಲ. ಏರ್ ಇಂಡಿಯಾ 2016ರ ಅಕ್ಟೋಬರ್‌ನಲ್ಲಿ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಯಿತು, ಪ್ರಯಾಣ ಹೆಚ್ಚುಕಡಿಮೆ ಎರಡು ತಾಸು ಉಳಿಯಿತು. ಕಾರಣ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್, ಬೆನ್ನಿಗೆ ಕೈಕೊಟ್ಟು ದೂಡುವ ಗಾಳಿ. ತಮಾಷೆ ನೋಡಿ, ಆಟದೊಳಗೆ ಆ ಗಾಳಿ ಇದೆ, ನಿಜವಾದ ಹವಾಮಾನದ ಲೆಕ್ಕದಿಂದಲೇ ಬೀಸುತ್ತದೆ. ದಾರಿ ಹಾಕುವ ಮ್ಯಾಪಿಗೆ ಮಾತ್ರ ಅದರ ಸುದ್ದಿಯೇ ಇಲ್ಲ.

ಮೂರನೆಯ ಪ್ರಶ್ನೆ ನನ್ನದಲ್ಲ, ನಮ್ಮವ್ವನದು. ಅಕ್ಕ ಇರೋದು ಸನ್ನಿವೇಲ್‌ನಲ್ಲಿ. ಆಕೆಯ ಬಾಣಂತನಕ್ಕೆ ಅಂತ ಅವ್ವ ಮೊದಲ ಸಲ ವಿಮಾನ ಹತ್ತುವವಳಿದ್ದಳು. ದಾರಿ ತೋರಿಸೋಣ ಅಂತ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ನೀಲಿ ಪರದೆಯನ್ನ ಸ್ವಲ್ಪ ಹೊತ್ತು ನೋಡಿ ಕೇಳಿದಳು: ‘ಅಲ್ಲೋ, ಸಮುದ್ರದ ನಡುವ ಇಂಜಿನ್ ಬಂದ್ ಆತಂದ್ರ ಎಲ್ಲಿ ಇಳಸ್ತಾರ?’

ಸಾಗರ ದಾಟುವ ದಾರಿಯ ಯೋಜನೆ ಅಂದರೆ ಬಹುಪಾಲು ಈ ಪ್ರಶ್ನೆಗೆ ಉತ್ತರ ಬರೆಯುವ ಕೆಲಸವೇ. ಎರಡು ಇಂಜಿನ್ನಿನ ವಿಮಾನ, ಒಂದು ಕೆಟ್ಟರೆ ಇನ್ನೊಂದರಲ್ಲಿ ಇಷ್ಟು ನಿಮಿಷದೊಳಗೆ ಒಂದು ನಿಲ್ದಾಣ ಮುಟ್ಟುವಂತಿರಬೇಕು. ಸಾಮಾನ್ಯ ಮಿತಿ 60 ನಿಮಿಷ. ವಿಶೇಷ ಅನುಮತಿ ಇದ್ದರೆ 180, ಅದಕ್ಕೂ ಹೆಚ್ಚು. ಈಟಾಪ್ಸ್ ಅಂತಾರೆ. ಹಾಗಾಗಿ ಪೆಸಿಫಿಕ್ ದಾರಿ ಹಾಕುವವರು ನೀರಿಗಿಂತ ನೆಲವನ್ನೇ ಹೆಚ್ಚು ಹುಡುಕುತ್ತಾರೆ. ಅಲಾಸ್ಕಾದ ಕೋಲ್ಡ್ ಬೇ ಅನ್ನುವ ಊರಲ್ಲಿ ನೂರು ಜನರೂ ಇಲ್ಲ, ನಮ್ಮ ಓಣಿಯೇ ಅದಕ್ಕಿಂತ ದೊಡ್ಡದು. ಆದರೆ ಅಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾದ, ಈಗ 10,000 ಅಡಿಗೂ ಉದ್ದದ ರನ್‌ವೇ ಇದೆ. ಎಷ್ಟೋ ವಿಮಾನಗಳು ಆ ಊರನ್ನು ಎಂದೂ ನೋಡದೆ, ಅದನ್ನೇ ನಂಬಿ ದಾಟುತ್ತವೆ.

ಇದು ಕಾಗದದ ಮೇಲಿನ ಲೆಕ್ಕ ಅಂದುಕೊಳ್ಳಬೇಡಿ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ 777 ಒಂದು ಇಂಜಿನ್ನಿನ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಜೂನ್ 8ಕ್ಕೆ ಬದಲಿ ವಿಮಾನ ಬರುವವರೆಗೆ ಎಷ್ಟೋ ಜನ ಹಾಸ್ಟೆಲ್ಲು, ಶಾಲೆಗಳಲ್ಲಿ ನೆಲದ ಹಾಸಿಗೆಯ ಮೇಲೆ ಮಲಗಿದರು. ಯಾರಿಗೂ ಏನೂ ಆಗಲಿಲ್ಲ. ಆಟದ ಮ್ಯಾಪಿನಲ್ಲಿ ಈ ಮಗದಾನ್ ಸಾವಿರಾರು ಚುಕ್ಕೆಗಳಲ್ಲಿ ಒಂದು ಚುಕ್ಕೆ, ಅಷ್ಟೇ.

ಸೀರಿಯಸ್ಸಾಗಿ ಆಡುವವರು ಸಿಮ್‌ಬ್ರೀಫ್ ಬಳಸುತ್ತಾರೆ, ಪುಕ್ಕಟೆ. ಅದರಲ್ಲಿ 777-200ಎಲ್‌ಆರ್ ಆರಿಸಿ, ಅವತ್ತಿನ ಗಾಳಿ ಹಾಕಿ, ಈಟಾಪ್ಸ್ ಆನ್ ಮಾಡಿದರೆ ಇಂಧನ, ಬದಲಿ ನಿಲ್ದಾಣ, ಹಿಂದೆ ಮುಂದೆ ಎರಡೂ ಕಡೆ ಒಂದೇ ಹೊತ್ತು ಹಿಡಿಯುವ ಬಿಂದು, ಎಲ್ಲ ಲೆಕ್ಕ ಹಾಕಿ ಕೊಡುತ್ತದೆ. ಕೆಲಸದಲ್ಲಿ ಲೋಪವಿಲ್ಲ. ಆದರೆ ಹಳೇ ಟೆಲಿಗ್ರಾಂ ಭಾಷೆ. ಯಾಕೆ ಈ ದಾರಿ, ಯಾಕೆ ಅದಲ್ಲ ಅಂತ ಒಂದು ಸಾಲೂ ಹೇಳೋದಿಲ್ಲ. ಕೀ ಉತ್ತರ ಬರೆದುಕೊಟ್ಟ ಗೈಡು, ಪಾಠ ಮಾಡುವ ಮೇಷ್ಟ್ರಲ್ಲ. ಆಟ ಕಣ್ಣಿಗೆ, ಸಿಮ್‌ಬ್ರೀಫ್ ಲೆಕ್ಕಕ್ಕೆ. ಇವೆರಡರ ನಡುವೆ ಕೂತು ಯೋಚನೆ ಮಾಡಿಸುವಂಥದ್ದು ನನಗೆ ಸಿಕ್ಕಿಲ್ಲ.

ಅದಕ್ಕೇ ಒಂದು ಶನಿವಾರ ನಾನೇ ಮಾಡಿಕೊಂಡೆ. ಟೋಕಿಯೋದ ನರಿತಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 787-10. ಬದಲಿ ನಿಲ್ದಾಣಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದೆ. ಆಟದ ಫೇಲ್ಯೂರ್ ಪಟ್ಟಿಯಲ್ಲಿ ಒಂದು ಇಂಜಿನ್ ನಡುನೀರಲ್ಲಿ ಕೆಡುವಂತೆ ಇಟ್ಟೆ. (ಸಮುದ್ರದ ಮೇಲೆ ಊರು ಕೇರಿ ಡೌನ್‌ಲೋಡ್ ಮಾಡೋದಿರಲ್ಲ, ತೇರದಾಳದ ಇಂಟರ್‌ನೆಟ್ಟಿಗೆ ಹೇಳಿ ಮಾಡಿಸಿದ ದಾರಿ. ಕರೆಂಟ್ ಒಂದು ಹೋಗಬಾರದು.) ಇಂಜಿನ್ ಹೋಯಿತು. ವಿಮಾನ ಕೆಳಗಿಳಿಯುತ್ತ ಬಂತು, ಎಡಕ್ಕೆ ತಿರುಗಿಸಿದೆ. ಆಮೇಲೆ ಒಂದು ತಾಸಿಗೂ ಹೆಚ್ಚು ಹೊತ್ತು ಮೋಡ, ನೀರು, ಮತ್ತೆ ಮೋಡ. ಈ ಆಟದಲ್ಲಿ ಮೂರು ವರ್ಷದಲ್ಲಿ ಸಮುದ್ರ ನನಗೆ ದೊಡ್ಡದು ಅನ್ನಿಸಿದ್ದು ಆ ಒಂದು ತಾಸು. ಕೋಲ್ಡ್ ಬೇಯ ರನ್‌ವೇ ಕಂಡಾಗ ಅವ್ವನ್ನ ಕೂಗಿ ಕರೆದೆ.

ಬಂದು ನೋಡಿದಳು. ‘ಇಲ್ಲಿ ಇಳಸ್ತಾರೇನು?’

‘ಹೂಂ ಅವ್ವಾ, ಇಂಥವು ಇನ್ನೂ ಅದಾವು.’

‘ಊಟಕ್ಕ ಏನ್ ಸಿಗತೈತಿ ಅಲ್ಲಿ?’ ಅಂದವಳು ಉತ್ತರಕ್ಕೆ ಕಾಯಲಿಲ್ಲ. ಹ್ಯಾಂಡ್ ಬ್ಯಾಗಿನಲ್ಲಿ ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೋದವು.